ಸುರಪುರ ಸೀಮೆಯ ಮೂರು ರೋಗಗಳು: ರಕ್ತದ ಕಾವಲು ಮತ್ತು ನೀರಿನ ಕಾವಲು

ಯಾದಗಿರಿ, ಶಹಾಪುರ, ಸುರಪುರ ಎಂಬ ಹೆಸರುಗಳನ್ನು ಕೇಳಿದೊಡನೆ ಇತಿಹಾಸದ ವಿದ್ಯಾರ್ಥಿಗಳ ನೆನಪಿಗೆ ಬರುವುವು ಕೋಟೆಗಳು. ಯಾದಗಿರಿಯ ಗುಡ್ಡದ ಮೇಲಣ ಕೋಟೆ, ಶಹಾಪುರದ ಬೆಟ್ಟದ ಕೋಟೆ, ೧೭೦೫ರಲ್ಲಿ ಔರಂಗಜೇಬನು ತಾನೇ ಮುಂದೆ ನಿಂತು ಮುತ್ತಿದ ವಾಗಿನಗೇರಿ, ೧೮೫೮ರಲ್ಲಿ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರಿಗೆ ಇದಿರಾಗಿ ನಿಂತ ಸುರಪುರ, ಇವುಗಳ ವಿಷಯವಾಗಿ ಸಾಕಷ್ಟು ಬರೆಹವುಂಟು. ಕೋಟೆಯ ಒಳಗಿದ್ದವರಿಗೂ ಹೊರಗಿದ್ದವರಿಗೂ ಸಮಾನವಾಗಿ ಶತ್ರುಗಳಾಗಿದ್ದ ರೋಗಗಳಿಗೆ ಆ ಭಾಗ್ಯವಿಲ್ಲ. ವಾಗಿನಗೇರಿಯನ್ನು ಗೆದ್ದ ಬಾದಶಹನು ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟಿದ್ದಾಗ ಕಾಯಿಲೆಯಿಂದ ಹಾಸಿಗೆ ಹಿಡಿದನೆಂಬ ಸಂಗತಿಯನ್ನು ಸಹ ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಸಾಗುವುದು ನಮ್ಮಲ್ಲಿ ರೂಢಿ.

ರೋಗಗಳ ಪ್ರಸ್ತಾಪ ಬಂದಾಗಲಾದರೂ ಅವುಗಳನ್ನು ಬೇರೆಬೇರೆಯಾಗಿ ನೋಡುವವರು ವಿರಳ. ಸಿಡುಬು, ಕಾಲರಾ, ನಾರುಹುಣ್ಣು ಇವೆಲ್ಲವನ್ನೂ 'ಪಿಡುಗು' ಎಂಬ ಒಂದೇ ಮಾತಿನಲ್ಲಿ ಅಡಗಿಸಿ, ಜನರ ಅಜ್ಞಾನವೇ ಅವಕ್ಕೆ ಕಾರಣ, ಪಾಶ್ಚಾತ್ಯ ವೈದ್ಯದ ಸೂಜಿಯೇ ಅವುಗಳಿಂದ ಬಿಡುಗಡೆ ಎಂದು ತೀರ್ಪು ಕೊಡುವುದುಂಟು. ಈ ತೀರ್ಪು ಮರುಪರಿಶೀಲನೆಗೆ ಅರ್ಹವಾದುದೆಂದು ನಾವು ಭಾವಿಸುತ್ತೇವೆ. ಮನುಷ್ಯನ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಾವಲು ಇದೆ. ಈ ಮೂರು ರೋಗಗಳು ಆ ಕಾವಲನ್ನು ದಾಟಿದ ಬಗೆ ಮೂರು ತೆರನಾದುದು. ಆದುದರಿಂದಲೇ ಅವುಗಳ ನಿವಾರಣೆಯ ದಾರಿಯೂ ಮೂರು ತೆರನಾಯಿತು. ಸೂಜಿ ಗೆದ್ದುದು ಒಂದು ಕಡೆ ಮಾತ್ರ. ಉಳಿದೆಡೆ ಗೆಲವು ದೊರೆತುದು ನೀರಿನ ಬಳಿಯಲ್ಲಿ. ಇದನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಪ್ರದೇಶದ ಆಡಳಿತ ಚರಿತ್ರೆಯನ್ನು ಸಂಗ್ರಹವಾಗಿ ನೆನೆಯುವುದು ಅವಶ್ಯ. ೧೮೪೧ರಿಂದ ೧೮೫೩ರವರೆಗೆ ಸುರಪುರದ ಆಡಳಿತವು ಮೆಡೋಸ್ ಟೇಲರನ ಮೇಲ್ವಿಚಾರಣೆಯಲ್ಲಿದ್ದಿತು. ೧೮೫೮ರ ಬಂಡಾಯದ ತರುವಾಯ ಸಂಸ್ಥಾನವು ಅಳಿದು ನಿಜಾಮನ ರಾಜ್ಯದಲ್ಲಿ ಸೇರಿಹೋಯಿತು. ೧೮೭೧ರ ವೇಳೆಗೆ ಮುಂಬಯಿಯ ಕಡೆಯಿಂದ ರಾಯಚೂರಿಗೆ ರೈಲುದಾರಿಯಾಗಿ, ಯಾದಗಿರಿಯು ಅದರ ಮೇಲಣ ಒಂದು ನಿಲ್ದಾಣವಾಯಿತು. ಮೂರು ತಾಲ್ಲೂಕುಗಳೂ ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಗೆ ಸೇರಿದ್ದುವು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ೨೦೦೯ರ ಡಿಸೆಂಬರಿನಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ನಿಜಾಮನ ಸರಕಾರದ ಕಾಗದಪತ್ರಗಳು ಮೊದಲು ಪಾರಸಿಯಲ್ಲಿಯೂ ೧೮೮೪ರ ಅನಂತರ ಉರ್ದುವಿನಲ್ಲಿಯೂ ನಡೆದುವು. ನೀರು ಹೊತ್ತ, ಮಕ್ಕಳನ್ನು ಸಾಕಿದ, ರೋಗಿಗಳನ್ನು ನೋಡಿಕೊಂಡ ಹೆಂಗಸರ ಮಾತು ಮಾತ್ರ ಕನ್ನಡದಲ್ಲಿದ್ದಿತು. ಈ ಪ್ರದೇಶದ ರೋಗಚರಿತ್ರೆಯನ್ನು ಬರೆಯುವವರು ಈ ಅಂತರವನ್ನು ಸದಾ ಲಕ್ಷ್ಯದಲ್ಲಿಡಬೇಕು.

೨

ರಕ್ತದ ಕಾವಲು ಎಂದೆವಷ್ಟೆ. ಅದರ ಸ್ವರೂಪ ತಿಳಿದುಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ೧೮೮೯ರಲ್ಲಿ ಜರ್ಮನಿಯ ಹಾನ್ಸ್ ಬೂಕ್ನರನು, ಜೀವಕೋಶಗಳನ್ನು ಬೇರ್ಪಡಿಸಿದ ರಕ್ತದ ತಿಳಿಯಲ್ಲಿಯೂ ರೋಗಾಣುಗಳನ್ನು ಕೊಲ್ಲುವ ಶಕ್ತಿಯುಂಟೆಂದೂ, ಅದನ್ನು ಕಾಯಿಸಿದರೆ ಆ ಶಕ್ತಿ ಅಳಿಯುವುದೆಂದೂ ತೋರಿಸಿದನು. ೧೮೯೪ರಲ್ಲಿ ರಿಚರ್ಡ್ ಫೈಫರನು ಕಾಲರಾದ ರೋಗಾಣುಗಳಿಗೆ ಮೊದಲೇ ಒಗ್ಗಿಸಿದ ಗಿನಿಯಿಲಿಯ ಹೊಟ್ಟೆಯ ಪೊಳ್ಳಿನೊಳಕ್ಕೆ ಅದೇ ರೋಗಾಣುಗಳನ್ನು ಸೇರಿಸಿದಾಗ, ಅವು ಅಲ್ಲಿಯೇ ಉಬ್ಬಿ ಕರಗಿಹೋದುವು. ಮರುವರ್ಷ ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಬೆಲ್ಜಿಯಮ್ಮಿನ ಜೂಲ್ ಬೋರ್ಡೆಯು ಇದಕ್ಕೆ ಎರಡು ವಸ್ತುಗಳು ಕಾರಣವೆಂದು ಸಿದ್ಧಪಡಿಸಿದನು. ಒಂದು, ಒಗ್ಗಿಸಿದ ಪ್ರಾಣಿಯಲ್ಲಿ ಮಾತ್ರ ಹೆಚ್ಚುವ, ಬಿಸಿಯನ್ನು ತಾಳಿಕೊಳ್ಳುವ ಪ್ರತಿಕಾಯ. ಮತ್ತೊಂದು, ಒಗ್ಗಿಸದ ಪ್ರಾಣಿಯಲ್ಲಿಯೂ ಇರುವ, ಸುಮಾರು ೫೬ ಡಿಗ್ರಿ ಸೆಂಟಿಗ್ರೇಡಿನಲ್ಲಿ ಅರ್ಧ ಗಂಟೆ ಇಟ್ಟರೆ ಕೆಟ್ಟುಹೋಗುವ ವಸ್ತು. ಪ್ರತಿಕಾಯದ ಕೆಲಸವನ್ನು ಪೂರ್ಣಗೊಳಿಸುವುದರಿಂದ ಈ ಎರಡನೆಯದನ್ನು ಪೌಲ್ ಎರ್ಲಿಕನು ೧೮೯೯ರಲ್ಲಿ ಕಾಂಪ್ಲಿಮೆಂಟ್, ಎಂದರೆ ಪೂರಕ, ಎಂದು ಕರೆದನು. ಬೋರ್ಡೆಗೆ ೧೯೧೯ರ ನೊಬೆಲ್ ಪಾರಿತೋಷಕ ದೊರೆಯಿತು.

ಪೂರಕವು ಒಂದೇ ವಸ್ತುವಲ್ಲ, ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಸಮೂಹ ಎಂಬುದು ಈಗ ತಿಳಿದಿದೆ. ಇವುಗಳಲ್ಲಿ ಹೆಚ್ಚಿನವು ಯಕೃತ್ತಿನಲ್ಲಿ ಹುಟ್ಟಿ ರಕ್ತದಲ್ಲಿ ನಿಷ್ಕ್ರಿಯವಾಗಿ ಸಂಚರಿಸುತ್ತಿರುತ್ತವೆ. ರೋಗಾಣುವಿನ ಮೈಗೆ ಪ್ರತಿಕಾಯ ಅಂಟಿದಾಗ ಆಗಲಿ, ಅದರ ಮೇಲ್ಮೈಯ ಸಕ್ಕರೆಯ ಅಣುಗಳು ಗುರುತು ಸಿಕ್ಕಾಗ ಆಗಲಿ, ಅಥವಾ ಯಾವ ಗುರುತೂ ಇಲ್ಲದೆ ತಾನಾಗಿಯೇ ಆಗಲಿ, ಒಂದು ಪ್ರೋಟೀನು ಮತ್ತೊಂದನ್ನು ಸೀಳಿ ಎಚ್ಚರಿಸುವ ಸರಣಿ ಪ್ರಾರಂಭವಾಗುತ್ತದೆ. ಮೂರು ದಾರಿಗಳೂ 'ಸಿ-೩' ಎಂಬ ಪ್ರೋಟೀನಿನಲ್ಲಿ ಕೂಡುತ್ತವೆ. ಅದರ ತುಣುಕು ರೋಗಾಣುವಿಗೆ ಅಂಟಿಕೊಂಡರೆ, ಆ ಗುರುತನ್ನು ಹಿಡಿದು ಬಿಳಿಯ ರಕ್ತಕಣಗಳು ಅದನ್ನು ನುಂಗುತ್ತವೆ. ಚಿಕ್ಕ ತುಣುಕುಗಳು ಉರಿಯೂತವನ್ನುಂಟುಮಾಡಿ ಇನ್ನಷ್ಟು ಕಣಗಳನ್ನು ಕರೆತರುತ್ತವೆ. ಸರಣಿಯ ಕೊನೆಯ ಪ್ರೋಟೀನುಗಳು ರೋಗಾಣುವಿನ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ದೇಹದ ಸ್ವಂತ ಕೋಶಗಳ ಮೇಲೆ ಈ ಸರಣಿಯನ್ನು ತಡೆಯುವ ಪ್ರೋಟೀನುಗಳಿರುವುದರಿಂದ ಅವಕ್ಕೆ ಅಪಾಯವಿಲ್ಲ.

ಎರಡು ಸಂಗತಿಗಳನ್ನು ಇಲ್ಲಿ ಗಮನಿಸಬೇಕು. ಪೂರಕಕ್ಕೆ ವೇಗವುಂಟು, ನೆನಪಿಲ್ಲ. ನೆನಪು ಲಿಂಫೋಸೈಟು ಎಂಬ ಬಿಳಿಯ ಕಣಗಳಿಗೆ ಸೇರಿದುದು. ಅವು ಹಿಂದೆ ಕಂಡ ರೋಗಾಣುವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಬೇಗನೆ ಪ್ರತಿಕಾಯಗಳನ್ನು ಒದಗಿಸುತ್ತವೆ. ಚುಚ್ಚುಮದ್ದು ಫಲಿಸುವುದು ಈ ನೆನಪಿನ ಬಲದಿಂದ. ಇನ್ನೊಂದು, ರಕ್ತವು ಎಲ್ಲಿಗೆ ತಲುಪುವುದೋ ಅಲ್ಲಿ ಮಾತ್ರ ರಕ್ತದ ಕಾವಲು ಪೂರ್ಣವಾಗಿ ನಡೆಯಬಲ್ಲುದು. ಈ ಎರಡು ಅಳತೆಗೋಲುಗಳನ್ನು ಹಿಡಿದು ಮೂರು ರೋಗಗಳನ್ನು ನೋಡೋಣ.

೩

ಸಿಡುಬು ಒಮ್ಮೆ ಬಂದು ಹೋದವರಿಗೆ ಮತ್ತೆ ಬಾರದೆಂಬುದನ್ನು ನಮ್ಮ ಜನ ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಅರಿತಿದ್ದರು. ಅಮ್ಮ ಬಂದಳೆಂದು ಹೇಳಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ರೋಗಿಯನ್ನು ಬೇರೆ ಇರಿಸುತ್ತಿದ್ದರು. ಆ ಆಚಾರದಲ್ಲಿ ಭಕ್ತಿಯ ಜೊತೆಗೆ ರೋಗ ಹರಡದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಅಡಗಿದ್ದಿತು. ಅದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸಾಧುವಲ್ಲ.

ಈ ರೋಗದ ಭೀಕರತೆಗೆ ಕಾರಣಗಳಲ್ಲೊಂದು ೨೦೦೨ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಿಂದ ತಿಳಿದುಬಂದಿತು. ಸಿಡುಬಿನ ವೈರಸ್ಸು ಮನುಷ್ಯನ ಪೂರಕವನ್ನು ನಿಷ್ಫಲಗೊಳಿಸುವ ಒಂದು ಪ್ರೋಟೀನನ್ನು ಹೊಂದಿದೆ. ಚುಚ್ಚುಮದ್ದಿನಲ್ಲಿ ಬಳಸಿದ ವ್ಯಾಕ್ಸೀನಿಯಾ ವೈರಸ್ಸಿನಲ್ಲಿಯೂ ಅದಕ್ಕೆ ಸಂವಾದಿಯಾದ ಪ್ರೋಟೀನು ಉಂಟು. ಆದರೆ ಮನುಷ್ಯನ ಸಿ-೩ರ ಸಕ್ರಿಯ ತುಣುಕನ್ನು ಕೆಡಿಸುವುದರಲ್ಲಿ ಸಿಡುಬಿನ ಪ್ರೋಟೀನಿನ ಶಕ್ತಿ ಅದಕ್ಕಿಂತ ಸುಮಾರು ನೂರು ಮಡಿ. ಎಂದರೆ ಸಿಡುಬು ಕಾವಲುಗಾರನ ಕೈಕಟ್ಟಿ ಒಳಹೊಕ್ಕ ಶತ್ರು. ಅದರ ಸೌಮ್ಯ ಬಂಧು ಒಳಬಂದಾಗ ಕಾವಲು ಬಹುಮಟ್ಟಿಗೆ ನಡೆಯುತ್ತದೆ, ನೆನಪು ಮಾತ್ರ ಉಳಿಯುತ್ತದೆ. ಎರಡೂ ಒಂದೇ ಕುಲದವಾದುದರಿಂದ ಆ ನೆನಪು ಸಿಡುಬಿಗೂ ಸಲ್ಲುತ್ತದೆ.

ಚುಚ್ಚುಮದ್ದು ಭಾರತಕ್ಕೆ ಬಂದುದು ೧೮೦೨ರಲ್ಲಿ. ಕನ್ನಡನಾಡಿನ ದಕ್ಷಿಣ ಭಾಗದಲ್ಲಿ ಅದಕ್ಕೆ ಅರಮನೆಯ ಬೆಂಬಲ ಬೇಗನೆ ದೊರೆಯಿತು. ೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಸೆರಗು ಸರಿಸಿ ತೋಳು ತೋರುತ್ತಿರುವವಳು ಮೈಸೂರಿನ ರಾಣಿ ದೇವಾಜಮ್ಮಣ್ಣಿಯೆಂದೂ, ಸಿಡುಬು ಹಾಕಿಸಿಕೊಂಡುದರ ಪ್ರಚಾರವೇ ಆ ಚಿತ್ರದ ಉದ್ದೇಶವೆಂದೂ ಸಂಶೋಧಕರು ಗುರುತಿಸಿದ್ದಾರೆ. ಅರಮನೆಯಿಂದ ಹಳ್ಳಿಗೆ ದೂರ ಬಹಳ. ತೋಳಿನಿಂದ ತೋಳಿಗೆ ಕೀವು ದಾಟಿಸುವ ಅಂದಿನ ಕ್ರಮಕ್ಕೆ ಜಾತಿಯ ಆಕ್ಷೇಪಣೆಯೂ, ಬೇರೆ ರೋಗ ಅಂಟುವ ಭಯವೂ ಇದ್ದುವು, ಎರಡನೆಯದು ನಿರಾಧಾರವಾಗಿರಲಿಲ್ಲ. ಮುಂದೆ ಕರುವಿನಿಂದ ತೆಗೆದ ದ್ರವ ಬಳಕೆಗೆ ಬಂದರೂ, ಬಿಸಿಲಿನಲ್ಲಿ ಅದರ ಸತ್ತ್ವ ಬೇಗ ಕುಂದುತ್ತಿದ್ದಿತು. ಬೇಸಿಗೆಯಲ್ಲಿ ಬಂಡೆಗಳೇ ಕಾದು ಕೆಂಡವಾಗುವ ಸೀಮೆಗೆ ಎತ್ತಿನ ಗಾಡಿಯಲ್ಲಿ ಬಂದ ಮದ್ದು ಫಲಿಸದೆ ಹೋದರೆ, 'ಹಾಕಿಸಿಕೊಂಡರೂ ಬಂತು' ಎಂದು ಹಿಂಜರಿದ ತಾಯಿಯನ್ನು ಅಜ್ಞಾನಿಯೆನ್ನಲು ಬಾರದು. ಬಿಸಿಯನ್ನು ತಾಳುವ ಒಣಗಿಸಿದ ಮದ್ದೂ ಕವಲುಮೊನೆಯ ಸೂಜಿಯೂ ಬಂದ ಮೇಲೆ ಕೆಲಸ ಸುಗಮವಾಯಿತು. ೧೯೬೨ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಪ್ರಾರಂಭವಾಯಿತು. ೧೯೭೫ರ ಮೇ ತಿಂಗಳಿನ ತರುವಾಯ ಭಾರತದಲ್ಲಿ ಸಿಡುಬು ಕಾಣಲಿಲ್ಲ. ೧೯೮೦ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಇದು ನಿಸ್ಸಂದೇಹವಾಗಿ ಸೂಜಿಯ ಗೆಲವು. ದೇಹದ ನೆನಪು ದೀರ್ಘವಾಗಿದ್ದುದರಿಂದ ಸೂಜಿ ಗೆದ್ದಿತು.

೪

ಕಾಲರಾದ ಕಥೆ ಬೇರೆ. ೧೮೧೭ರಲ್ಲಿ ಬಂಗಾಲದ ಜೆಸ್ಸೂರಿನಲ್ಲಿ ತಲೆಯೆತ್ತಿದ ಮಹಾಮಾರಿಯು ಮರುವರ್ಷ ದಖ್ಖಣವನ್ನು ದಾಟಿ ಮುಂಬಯಿಯನ್ನು ಮುಟ್ಟಿತು. ಅದರ ಹರಹು ಸೈನ್ಯಗಳ, ವ್ಯಾಪಾರಿಗಳ, ಯಾತ್ರಿಕರ ದಾರಿಗಳನ್ನೇ ಹಿಡಿದಿದ್ದಿತು. ಕೃಷ್ಣಾತೀರದ ತಿಂಥಣಿಯ ಮೌನೇಶ್ವರನ ಜಾತ್ರೆ, ಯಾದಗಿರಿಯ ಬಳಿಯ ಮೈಲಾಪುರದ ಮಲ್ಲಯ್ಯನ ಜಾತ್ರೆಗಳಂತೆ ಸಾವಿರಾರು ಜನ ಒಂದೇ ಹೊಳೆಯ, ಒಂದೇ ಕೆರೆಯ ನೀರನ್ನು ಆಶ್ರಯಿಸುವ ನೆರವಿಗಳು ಈ ರೋಗಕ್ಕೆ ಎಲ್ಲೆಡೆಯೂ ಅನುಕೂಲವಾದ ಸಂದರ್ಭಗಳು.

ಇಲ್ಲಿ ಒಂದು ವಿಪರ್ಯಾಸವನ್ನು ಕಾಣುತ್ತೇವೆ. ಪೂರಕದ ಇರವನ್ನು ವಿಜ್ಞಾನಿಗಳಿಗೆ ತೋರಿಸಿಕೊಟ್ಟುದು ಕಾಲರಾದ ರೋಗಾಣುವೇ. ಆದರೆ ಫೈಫರನ ಗಿನಿಯಿಲಿಯಲ್ಲಿ ಕರಗಿದ ರೋಗಾಣುವು ಮನುಷ್ಯನಲ್ಲಿ ರಕ್ತಕ್ಕೆ ಇಳಿಯುವುದೇ ಇಲ್ಲವೆನ್ನಬಹುದು. ಅದು ಸಣ್ಣಕರುಳಿನ ಒಳಗೋಡೆಗೆ ಅಂಟಿಕೊಂಡು ವಿಷವನ್ನು ಸುರಿಸುತ್ತದೆ. ಆ ವಿಷವನ್ನು ೧೯೫೯ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟವರು ಕಲಕತ್ತೆಯ ಶಂಭುನಾಥ ಡೇ. ವಿಷದ ಪ್ರಭಾವದಿಂದ ದೇಹದ ನೀರೆಲ್ಲ ಕರುಳಿಗೆ ಬಸಿದು ರೋಗಿಯು ಕೆಲವೇ ಗಂಟೆಗಳಲ್ಲಿ ಸಾಯಬಹುದು. ರಕ್ತದಲ್ಲಿ ಪೂರಕ ತುಂಬಿದ್ದರೂ ಕರುಳಿನ ಒಳಗೆ ಅದರ ಆಳಿಕೆ ನಡೆಯದು. ಊರಗಸೆಯಲ್ಲಿ ಶತ್ರು ಬೀಡುಬಿಟ್ಟು ಬಾವಿಯ ನೀರನ್ನೆಲ್ಲ ಬತ್ತಿಸುತ್ತಿದ್ದರೆ ಕೋಟೆಯ ಒಳಗಣ ಕಾವಲುಗಾರರು ಏನು ಮಾಡಬಲ್ಲರು?

೧೮೯೩ರಲ್ಲಿ ಕಲಕತ್ತೆಗೆ ಬಂದ ವಾಲ್ಡೆಮಾರ್ ಹಾಫ್‌ಕಿನ್ನನು ಕಾಲರಾಕ್ಕೂ ಚುಚ್ಚುಮದ್ದನ್ನು ಪ್ರಯೋಗಿಸಿದನು. ಮುಂದೆ ಜಾತ್ರೆಗಳಿಗೆ ಹೋಗುವವರಿಗೆ ಕಾಲರಾ ಸೂಜಿ ಹಾಕುವುದು ಬಹುಕಾಲ ನಡೆದುಬಂದಿತು. ಮೈಗೆ ಚುಚ್ಚಿದ ಆ ಮದ್ದು ರಕ್ತದಲ್ಲಿ ಪ್ರತಿಕಾಯವನ್ನು ಹೆಚ್ಚಿಸುತ್ತಿದ್ದಿತು, ನಿಜ. ಆದರೆ ಅದರ ರಕ್ಷಣೆ ಅರೆಬರೆಯಾದುದು, ಕೆಲವು ತಿಂಗಳುಗಳಷ್ಟು ಕಾಲದ್ದು. ೧೯೭೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂತರರಾಷ್ಟ್ರೀಯ ಪ್ರಯಾಣಕ್ಕೆ ಕಾಲರಾ ಸೂಜಿಯ ಪ್ರಮಾಣಪತ್ರ ಬೇಕೆಂಬ ನಿಯಮವನ್ನು ಕೈಬಿಟ್ಟಿತು. ಸಾವನ್ನು ತಗ್ಗಿಸಿದುದು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸುವ ಚಿಕಿತ್ಸೆ. ರೋಗವನ್ನು ತಡೆದುದು ಶುದ್ಧವಾದ ಕುಡಿಯುವ ನೀರು. ಇಲ್ಲಿ ಸೂಜಿಯದು ಎರಡನೆಯ ಸ್ಥಾನ.

೫

ಮೂರನೆಯ ರೋಗ ನಾರುಹುಣ್ಣು. ಇದು ಕೊಲ್ಲುವ ರೋಗವಲ್ಲ. ಪ್ರಾಯಶಃ ಆ ಕಾರಣದಿಂದಲೇ ಚರಿತ್ರಕಾರರ ಕಣ್ಣಿಗೆ ಬಿದ್ದಿಲ್ಲ. ಆದರೆ ಈ ಪ್ರದೇಶದ ಬಾವಿಗಳ ಚರಿತ್ರೆಯೊಡನೆ ಇದಕ್ಕಿರುವಷ್ಟು ನಿಕಟವಾದ ಸಂಬಂಧ ಬೇರೆ ಯಾವ ರೋಗಕ್ಕೂ ಇಲ್ಲ.

ನಾರುಹುಳು ನೂಲಿನಂತೆ ತೆಳ್ಳಗೆ, ಒಂದು ಮೀಟರಿನವರೆಗೆ ಉದ್ದವಾಗಿ ಬೆಳೆಯುತ್ತದೆ. ಕುಡಿದ ನೀರಿನೊಡನೆ ಮರಿಯಾಗಿ ದೇಹವನ್ನು ಸೇರಿ, ಸುಮಾರು ಒಂದು ವರ್ಷ ಚರ್ಮದ ಅಡಿಯಲ್ಲಿ ಬೆಳೆದು, ಬಹುಮಟ್ಟಿಗೆ ಕಾಲಿನಲ್ಲಿ ಬೊಕ್ಕೆಯೆಬ್ಬಿಸಿ ತಲೆ ಹೊರಗಿಡುತ್ತದೆ. ಉರಿ ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿಟ್ಟ ಕೂಡಲೆ ಹುಳು ಅಸಂಖ್ಯ ಮರಿಗಳನ್ನು ನೀರಿಗೆ ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ, ಸೀಗಡಿಯ ವರ್ಗಕ್ಕೆ ಸೇರಿದ, ಎಳ್ಳಿಗಿಂತಲೂ ಚಿಕ್ಕದಾದ ಜಲಪ್ರಾಣಿ ತಿನ್ನುತ್ತದೆ. ಎರಡು ವಾರಗಳಲ್ಲಿ ಮರಿ ಅದರೊಳಗೆ ಬಲಿಯುತ್ತದೆ. ಆ ನೀರನ್ನು ಕುಡಿದವರಿಗೆ ಮರುವರ್ಷ ಹುಣ್ಣು. ಸೈಕ್ಲಾಪ್ಸಿನ ಪಾತ್ರವನ್ನು ೧೮೭೦ರ ಸುಮಾರಿಗೆ ಮಧ್ಯ ಏಷ್ಯದಲ್ಲಿ ಕಂಡುಹಿಡಿದವನು ರಷ್ಯದ ಅಲೆಕ್ಸೇಯ್ ಫೆದ್‌ಚೆಂಕೊ.

ಇಷ್ಟು ದೊಡ್ಡ ಹುಳು ಒಂದು ವರ್ಷ ಮೈಯೊಳಗಿದ್ದರೂ ರಕ್ತದ ಕಾವಲು ಅದನ್ನು ಕೊಲ್ಲುವುದಿಲ್ಲ. ದೇಹದಲ್ಲಿ ನೆಲಸುವ ಹುಳುಗಳಿಗೆ ಪೂರಕವನ್ನು ವಂಚಿಸುವ ಉಪಾಯಗಳುಂಟು. ಆಫ್ರಿಕದಲ್ಲಿ ನದೀತೀರದ ಕುರುಡನ್ನು ತರುವ ಹುಳುವಿನ ಮರಿಗಳು ಪೂರಕವನ್ನು ತಡೆಯುವ ಮನುಷ್ಯನ ಪ್ರೋಟೀನನ್ನೇ ಹಿಡಿದು ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಶತ್ರುವು ನಮ್ಮ ಸೈನಿಕನ ಉಡುಪು ತೊಟ್ಟಂತೆ ಇದು. ನಾರುಹುಳುವಿನ ವಿಷಯದಲ್ಲಿಯೂ ದೇಹದ ಉಗ್ರ ಪ್ರತಿಕ್ರಿಯೆ ಕಾಣುವುದು ಹುಳು ಹೊರಬರುವಾಗ. ಆ ವೇಳೆಗೆ ಅದರ ಕೆಲಸ ಮುಗಿದಿರುತ್ತದೆ. ಅದಕ್ಕಿಂತ ಮಿಗಿಲಾಗಿ, ಈ ರೋಗ ರಕ್ಷಣೆ ಕೊಡುವ ನೆನಪನ್ನು ಉಳಿಸುವುದಿಲ್ಲ. ಒಮ್ಮೆ ಬಂದವರಿಗೆ ಮರುವರ್ಷ ಮತ್ತೆ, ಅದರ ಮರುವರ್ಷ ಮತ್ತೆ ಬರಬಹುದು. ನೆನಪಿಲ್ಲದ ಕಡೆ ಸೂಜಿಗೆ ಕೆಲಸವಿಲ್ಲ. ನಾರುಹುಣ್ಣಿಗೆ ಚುಚ್ಚುಮದ್ದು ಎಂದೂ ಇರಲಿಲ್ಲ. ಹುಳುವನ್ನು ಕೊಲ್ಲುವ ಔಷಧಿಯೂ ಇರಲಿಲ್ಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆದು ತೆಗೆಯುವುದೊಂದೇ ಚಿಕಿತ್ಸೆ. ನಡುವೆ ಹರಿದರೆ ಕಾಲು ಬಾತು, ಕೀವುಗಟ್ಟಿ, ರೋಗಿಯು ವಾರಗಟ್ಟಲೆ ನಡೆಯಲಾರದೆ ಬಿದ್ದಿರಬೇಕಾಗುತ್ತಿದ್ದಿತು. ಹಂಗಾಮಿನಲ್ಲಿ ರೈತನ ಕಾಲು ಬಿದ್ದರೆ ಆ ವರ್ಷದ ಬೆಳೆಯೂ ಬಿದ್ದಂತೆಯೇ.

ಈ ರೋಗದ ತವರು ಪಾವಟಿಗೆಯ ಬಾವಿ. ಮಳೆ ಕಡಿಮೆಯಾದ, ನೆಲದಡಿಯಲ್ಲಿ ಕಲ್ಲು ತುಂಬಿದ ಸೀಮೆಯಲ್ಲಿ ನೀರು ಎಷ್ಟು ಇಳಿದರೂ ಕೈಗೆ ಸಿಗುವಂತೆ ಮೆಟ್ಟಿಲು ಕಟ್ಟಿದುದು ನಮ್ಮ ಹಿರಿಯರ ಜಾಣ್ಮೆ. ಆದರೆ ಕೊಡ ತುಂಬಲು ಮೆಟ್ಟಿಲಿಳಿದವರ ಕಾಲು ನೀರನ್ನು ಮುಟ್ಟುತ್ತಿದ್ದಿತು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಸೈಕ್ಲಾಪ್ಸುಗಳ ದಟ್ಟಣೆಯೂ ಹೆಚ್ಚುತ್ತಿದ್ದಿತು. ಬರಗಾಲದಲ್ಲಿ ಜೀವ ಉಳಿಸಿದ ಬಾವಿಯೇ ಕಾಲನ್ನು ಕೆಡಿಸಿತು. ಊರ ಬಾವಿ ಎಲ್ಲರದೂ ಆಗಿರಲಿಲ್ಲವೆಂಬುದನ್ನೂ ಮರೆಯಬಾರದು. ಅಸ್ಪೃಶ್ಯರೆನಿಸಿಕೊಂಡವರನ್ನು ಅದರಿಂದ ದೂರವಿಟ್ಟಿದ್ದುದರಿಂದ ಅವರು ಹಳ್ಳ ಗುಂಡಿಗಳ ನೀರನ್ನೇ ಆಶ್ರಯಿಸಬೇಕಾಗಿದ್ದಿತು.

ಕನ್ನಡನಾಡಿನಲ್ಲಿ ಈ ರೋಗವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿಯವರು ಅಗ್ರಗಣ್ಯರು. ೧೯೩೦ರ ದಶಕದಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ನಾರುಹುಣ್ಣಿನ ಹರಹನ್ನು ಪರೀಕ್ಷಿಸಿದರು. ರಾಕ್‌ಫೆಲರ್ ಪ್ರತಿಷ್ಠಾನದ ಸ್ವೀಟ್ ಎಂಬ ತಜ್ಞರೊಡನೆ ಸೇರಿ, ಸೈಕ್ಲಾಪ್ಸುಗಳನ್ನು ತಿನ್ನುವ ಸಣ್ಣ ಮೀನುಗಳನ್ನು ಮೆಟ್ಟಿಲು ಬಾವಿಗಳಲ್ಲಿ ಬಿಟ್ಟು ರೋಗವನ್ನು ಹತೋಟಿಗೆ ತರುವ ಕ್ರಮವನ್ನು ೧೯೩೬ರಲ್ಲಿ ಪ್ರಕಟಿಸಿದರು. ದೇಹವನ್ನು ಮುಟ್ಟದೆ ಬಾವಿಗೇ ಚಿಕಿತ್ಸೆ ಮಾಡುವ ಈ ದೃಷ್ಟಿ ಮುಂದಿನ ದಾರಿಯನ್ನು ತೋರಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

೧೯೮೩-೮೪ರಲ್ಲಿ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಪ್ರಾರಂಭವಾದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ೪೦,೦೦೦ ರೋಗಿಗಳಿದ್ದರು. ಪೀಡಿತ ಹಳ್ಳಿಗಳು ಹನ್ನೆರಡು ಸಾವಿರಕ್ಕೂ ಹೆಚ್ಚು. ಕರ್ನಾಟಕವು ಪೀಡಿತ ರಾಜ್ಯಗಳಲ್ಲೊಂದು. ಈ ಮೂರು ತಾಲ್ಲೂಕುಗಳನ್ನು ಆಗ ಒಳಗೊಂಡಿದ್ದ ಗುಲಬರ್ಗಾ ಜಿಲ್ಲೆಯೂ ಪೀಡಿತ ಜಿಲ್ಲೆಗಳಲ್ಲಿದ್ದಿತು. ಕಾರ್ಯಕ್ರಮದ ಉಪಾಯಗಳು ಸರಳವಾಗಿದ್ದುವು. ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವುದು. ಹುಣ್ಣಿಗೆ ಪಟ್ಟಿ ಕಟ್ಟಿ ರೋಗಿಯು ನೀರಿಗಿಳಿಯದಂತೆ ನೋಡಿಕೊಳ್ಳುವುದು. ಮೆಟ್ಟಿಲು ಬಾವಿಯನ್ನು ಸೇದುವ ಬಾವಿಯಾಗಿ ಮಾರ್ಪಡಿಸುವುದು. ಕೊಳವೆ ಬಾವಿ ತೋಡಿ ಕೈಪಂಪು ಹಾಕುವುದು. ನೀರಿಗೆ ಟೆಮಿಫಾಸ್ ಎಂಬ ಮದ್ದನ್ನು ಮಿತವಾಗಿ ಬೆರೆಸಿ ಸೈಕ್ಲಾಪ್ಸನ್ನು ಕೊಲ್ಲುವುದು. ಎಲ್ಲಕ್ಕಿಂತ ಮುಖ್ಯವಾಗಿ, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು. ಸೈಕ್ಲಾಪ್ಸು ಕಣ್ಣಿಗೆ ಕಾಣುವಷ್ಟು ದೊಡ್ಡದಾದುದರಿಂದ ದಟ್ಟವಾದ ನೇಯ್ಗೆಯ ಬಟ್ಟೆಯಲ್ಲಿ ಉಳಿಯುತ್ತದೆ. ೧೯೯೬ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡ ರೋಗಿಯೇ ಭಾರತದಲ್ಲಿ ಕೊನೆಯವನು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣೀಕರಿಸಿತು.

೬

ಮೇಲಣ ವಿವೇಚನೆಯಿಂದ ಫಲಿಸುವ ಸಂಗತಿಗಳಿವು. ಸಿಡುಬು ರಕ್ತದ ಕಾವಲನ್ನು ಕಟ್ಟಿಹಾಕಿತು, ಆದರೆ ನೆನಪನ್ನು ಉಳಿಸಿತು. ಆದುದರಿಂದ ಸೂಜಿಯಿಂದ ಅಳಿಯಿತು. ಕಾಲರಾ ಕಾವಲಿನ ಕೈಗೆ ಸಿಗದ ಕಡೆ ನೆಲಸಿತು. ಸೂಜಿ ಅರ್ಧ, ನೀರು ಅರ್ಧ ಎಂದು ಪ್ರಾರಂಭವಾದ ಹೋರಾಟದಲ್ಲಿ ನೀರೇ ಮೇಲಾಯಿತು. ನಾರುಹುಣ್ಣು ಕಾವಲನ್ನೂ ವಂಚಿಸಿ ನೆನಪನ್ನೂ ಉಳಿಸಲಿಲ್ಲ. ಅದನ್ನು ಪೂರ್ತಿಯಾಗಿ ನೀರಿನ ಬಳಿಯಲ್ಲಿಯೇ ಗೆಲ್ಲಬೇಕಾಯಿತು. ಇವುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ಜನರ ಅಜ್ಞಾನವನ್ನು ತೂಗುವುದು ಚರಿತ್ರೆಯ ಕೆಲಸವಲ್ಲ. ದೇಹ ಸೋತ ಕಡೆ ಮದ್ದು ಒದಗದಿದ್ದಾಗ, ರಕ್ಷಣೆಯ ಹೊಣೆಯನ್ನು ಹೊತ್ತವರು ಅದೇ ಜನ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇವೆ. ರೋಗನಿವಾರಣೆಯ ಚರಿತ್ರೆಯಲ್ಲಿ ಬೋರ್ಡೆ, ಎರ್ಲಿಕ್, ಹಾಫ್‌ಕಿನ್ನರಿಗೆ ಸ್ಥಾನವುಂಟು, ಅದು ನ್ಯಾಯವೇ. ಆದರೆ ನಾರುಹುಣ್ಣನ್ನು ಅಳಿಸಿದ ಕೊನೆಯ ಕೈ ದಿನವೂ ಕೊಡದ ಬಾಯಿಗೆ ಬಟ್ಟೆ ಹಿಡಿದು ನೀರು ಸೋಸಿದ ಹೆಣ್ಣುಮಗಳದು. ಪಾವಟಿಗೆ ಇಳಿದು ನೀರು ತಂದವರೂ, ಕಾಲಿಗೆ ಕಡ್ಡಿ ಕಟ್ಟಿಕೊಂಡು ಮಲಗಿದವರೂ ಈಗ ವೃದ್ಧರಾಗಿದ್ದಾರೆ. ಬಳಕೆ ತಪ್ಪಿದ ಬಾವಿಗಳು ಒಂದೊಂದಾಗಿ ಹೂಳು ತುಂಬುತ್ತಿವೆ. ಕೋಟೆಗಳ ಕಲ್ಲುಗಳನ್ನು ಅಳೆದಿರುವ ನಾವು, ಈ ಬಾವಿಗಳ ಮೆಟ್ಟಿಲುಗಳನ್ನು ಎಣಿಸಿ, ಆ ಹಿರಿಯರ ಮಾತನ್ನು ಅವರದೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಇನ್ನು ತಡಮಾಡಬಾರದು. ನಮ್ಮ ವಿಭಾಗದ ತರುಣ ಸಂಶೋಧಕರು ಇದನ್ನು ಕೈಗೆತ್ತಿಕೊಳ್ಳುವರೆಂದು ಆಶಿಸುತ್ತೇವೆ.